ಬಿಚ್ಚದ ಬೀಸಣಿಗೆ

ಆ ಗುರುವಿನ ಕೈಯಲ್ಲಿ ಒಂದು ಬೀಸಣಿಗೆ ಇತ್ತು. ಮಡಿಸಿದ ಬೀಸಣಿಗೆ. ಹನ್ನೊಂದು ಕಂತು ಮುಗಿದರೂ ಅವನು ಅದನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಸುತ್ತಲೂ ಶಿಷ್ಯರು ಗೋಡೆ ಹತ್ತುತ್ತಿದ್ದರು, ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಾರುತ್ತಿದ್ದರು, ಗಾಳಿಯಲ್ಲೇ ನಾಲ್ಕು ಸುತ್ತು ತಿರುಗಿ ಕತ್ತಿ ಝಳಪಿಸುತ್ತಿದ್ದರು. ಅವನು ಮಾತ್ರ ಮಣೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಶತ್ರು ಎದುರಿಗೇ ಬಂದು ಕತ್ತಿ ಹಿರಿದರೆ ಬಟ್ಟಲು ಕೆಳಗಿಟ್ಟು ಒಮ್ಮೆ ತಲೆ ಎತ್ತಿ ನೋಡುತ್ತಿದ್ದ. ಅಷ್ಟೇ. ಕತ್ತಿ ತಾನಾಗಿಯೇ ಕೆಳಗಿಳಿಯುತ್ತಿತ್ತು.

ಆ ದೃಶ್ಯ ಬಂದಾಗಲೆಲ್ಲ ಸಿಂಧೂರಳ ಮೈ ಜುಮ್ಮೆನ್ನುತ್ತಿತ್ತು. ದೆಹಲಿಯ ಮುನಿರ್ಕಾದಲ್ಲಿ ಮೂರನೇ ಮಹಡಿಯ ಕೋಣೆ ಅದು. ಕೂಲರ್ ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು. ಕೋಣೆಯ ಜೊತೆಗಾತಿ ಜೀವಿತಾ ವಿರಾಜಪೇಟೆಯ ಹುಡುಗಿ, ಅಪ್ಪ ಸೈನ್ಯದಲ್ಲಿ ಸುಬೇದಾರ್. ಜೀವಿತಾ ಪಕ್ಕದ ವಿಶ್ವವಿದ್ಯಾಲಯದಲ್ಲಿ ಚೀನೀ ಭಾಷೆ ಓದುತ್ತಿದ್ದಳು. ಸಹಪಾಠಿಗಳಿಂದ ಈ ಕತ್ತಿವರಸೆ ಧಾರಾವಾಹಿಗಳ ಡಿವಿಡಿ ತರುತ್ತಿದ್ದಳು. ಅದರಲ್ಲಿ ಚೀನೀ ಬಿಟ್ಟರೆ ಬೇರೆ ಭಾಷೆಯ ಒಂದಕ್ಷರವೂ ಇರುತ್ತಿರಲಿಲ್ಲ. ಹಾಗಾಗಿ ಭಾನುವಾರ ಬೆಳಗ್ಗೆ ಹಳೆಯ ಕಂಪ್ಯೂಟರಿನ ಮುಂದೆ ಚಾಪೆ ಹಾಸಿ, ಕೇಳಿಸಿಕೊಂಡಷ್ಟನ್ನು ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದಳು. ಅರ್ಧ ಅರ್ಥವಾದದ್ದು, ಅರ್ಧ ಅವಳದೇ ಕೈಚಳಕ. ಸಿಂಧೂರ ಬಾಯಿ ಮುಚ್ಚಿಕೊಂಡು ಕೇಳುವವಳಲ್ಲ. ಯಾಕೆ ಬಂದ, ಯಾಕೆ ಹೋದ, ಬೀಸಣಿಗೆ ಯಾವಾಗ ಬಿಚ್ಚುತ್ತಾನೆ ಎಂದು ನಡುನಡುವೆ ಬಾಯಿ ಹಾಕಿ ಜೀವಿತಾಳ ತಲೆ ತಿನ್ನುತ್ತಿದ್ದಳು.

ಹಾರುವವರ ಬಗ್ಗೆ ಅವಳಿಗೆ ಅಂಥ ಆಸಕ್ತಿ ಇರಲಿಲ್ಲ. ಅವಳ ಕಣ್ಣೆಲ್ಲ ಆ ಕೂತವನ ಮೇಲೆ. ಯಾಕೆಂದರೆ ಸುಮ್ಮನೆ ಕೂರುವುದು ಅವಳಿಗೆ ಬಾರದ ವಿದ್ಯೆ. ದಾವಣಗೆರೆಯಲ್ಲಿ ಹುಟ್ಟಿದಾಗಿನಿಂದಲೂ ಕೋಪ ಅವಳ ಮೂಗಿನ ತುದಿಯಲ್ಲೇ ಮನೆ ಮಾಡಿತ್ತು. ದೆಹಲಿಗೆ ಬಂದು ಎರಡು ವರ್ಷ, ಕಳೆದುಕೊಂಡ ಕೆಲಸ ಎರಡು. ಮೊದಲನೆಯದರಲ್ಲಿ ಮ್ಯಾನೇಜರನ ಮೇಜಿನ ಮೇಲೆ ಫೈಲು ಎಸೆದು ಬಂದಳು. ಎರಡನೆಯದರಲ್ಲಿ, ನಿಮಗೆ ಬುದ್ಧಿ ಹೇಳಲು ನನಗೆ ಕೊಡುವ ಸಂಬಳ ಸಾಲದು ಎಂದು ಗಿರಾಕಿಗೆ ಹೇಳಿದಳು. ಎರಡು ಸಲವೂ ನ್ಯಾಯ ಅವಳ ಕಡೆಗೇ ಇತ್ತು, ಕೆಲಸ ಮಾತ್ರ ಉಳಿಯಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಈಗಿನದು ಮೂರನೆಯ ಕೆಲಸ. ಇದೂ ಹೋದರೆ ತಾನು ನಾಲ್ಕು ಜನರ ನಡುವೆ ಬಾಳಲು ಲಾಯಕ್ಕಿಲ್ಲದವಳು ಎಂದೇ ಅರ್ಥ ಎಂಬ ಭಯ ಅವಳೊಳಗೆ ಗಟ್ಟಿಯಾಗಿ ಕೂತಿತ್ತು. ಈ ಭಯವನ್ನು ಅವಳು ಜೀವಿತಾಳಿಗೂ ಹೇಳಿರಲಿಲ್ಲ.

ಕೆಲಸ ಫರೀದಾಬಾದಿನಲ್ಲಿ. ಇನ್ವರ್ಟರ್ ತಯಾರಿಸುವ ಒಂದು ಕಾರ್ಖಾನೆ, ಅದರ ಮಾಳಿಗೆಯ ಮೇಲೆ ದೂರು ಕೇಳುವ ವಿಭಾಗ. ದೇಶದ ಯಾವ ಮೂಲೆಯಲ್ಲಿ ಇನ್ವರ್ಟರ್ ಕೆಟ್ಟರೂ ಫೋನು ಇಲ್ಲಿಗೇ. ಹಿಂದಿಗೆ ಒಂದು ಒತ್ತಿ, ಕನ್ನಡಕ್ಕೆ ಆರು ಒತ್ತಿ. ಆರು ಒತ್ತಿದವರೆಲ್ಲ ಸಿಂಧೂರಳ ಪಾಲು. ಕರೆಂಟು ಹೋಗಿ, ಸೆಖೆಯಲ್ಲಿ ಬೆಂದು, ಪೆಟ್ಟಿಗೆಯೂ ಕೈಕೊಟ್ಟ ಮೇಲೆ ಫೋನು ಮಾಡುವ ಮನುಷ್ಯ ಯಾವ ಹದದಲ್ಲಿರುತ್ತಾನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದೂ ಎರಡು ಸಾವಿರದ ಆರರ ಮೇ ತಿಂಗಳು.

ಅಲ್ಲಿ ಕರೆಗಳ ಗುಣಮಟ್ಟ ನೋಡುವವರು ಭಾಟಿಯಾ ಎಂಬ ಸಾಹೇಬರು. ಅವರಿಗೆ ಕನ್ನಡದ ಗಂಧಗಾಳಿ ಇಲ್ಲ. ಆದರೂ ಕನ್ನಡದ ಕರೆಗಳಿಗೆ ಅಂಕ ಹಾಕುತ್ತಿದ್ದರು. ರೆಕಾರ್ಡಾದ ದನಿ ಅವರ ಕಂಪ್ಯೂಟರಿನಲ್ಲಿ ಏರಿಳಿಯುವ ಗೆರೆಯಾಗಿ ಕಾಣುತ್ತಿತ್ತು. ಗೆರೆ ಬೆಟ್ಟದಂತೆ ಎದ್ದಿದ್ದರೆ ಜಗಳ, ಚಪ್ಪಟೆಯಾಗಿ ಮಲಗಿದ್ದರೆ ಹುಡುಗಿ ಉತ್ತರ ಕೊಡದೆ ಕೂತಿದ್ದಾಳೆ ಎಂದು ಲೆಕ್ಕ. ಸಿಂಧೂರಳ ಗೆರೆಗಳು ಬೆಟ್ಟಸಾಲಿನ ಹಾಗಿದ್ದವು. ನಾಲ್ಕು ತಿಂಗಳಲ್ಲಿ ಎರಡು ಎಚ್ಚರಿಕೆ ಪತ್ರ ಬಂದಿತ್ತು.

ಇಂಥ ಕಡೆ ಅವಳು ರತ್ನಪ್ರಭಾ ಅವರನ್ನು ಕಂಡಳು. ಐವತ್ತೆಂಟು ವರ್ಷದ ಹೆಂಗಸು, ನೂಲಿನ ಸೀರೆ, ಬಿಗಿಯಾಗಿ ಕಟ್ಟಿದ ತುರುಬು. ಹಾಸನದ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕಾಲು ಶತಮಾನ ಊರೂರಿಗೆ ಲೈನು ಕೂಡಿಸಿದವರು. ಸ್ವಯಂ ನಿವೃತ್ತಿ ತೆಗೆದುಕೊಂಡು ಗಂಡನ ಜೊತೆ ಫರೀದಾಬಾದಿಗೆ ಬಂದು, ಮನೆಯಲ್ಲಿ ಕೂರಲಾರದೆ ಇಲ್ಲಿ ಸೇರಿಕೊಂಡಿದ್ದರು. ಅವರ ಸಂಬಳವೂ ಸಿಂಧೂರಳಷ್ಟೇ. ಆದರೆ ಗಿರಾಕಿ ನಿಮ್ಮ ಮೇಲಿನವರಿಗೆ ಕೊಡಿ ಎಂದು ಹಟ ಹಿಡಿದರೆ ಆ ಕರೆಯನ್ನು ಗಾಜಿನಾಚೆಯ ಅವರ ಮೇಜಿಗೆ ತಿರುಗಿಸುವುದು ಪದ್ಧತಿ. ಯಾರಿಗೂ ಮೇಲಿನವರಲ್ಲದ ಆ ಹೆಂಗಸು ಎಲ್ಲರಿಗೂ ಮೇಲಿನವರಾಗಿ ಮಾತಾಡುತ್ತಿದ್ದರು.

ಮೊದಲ ಸಲ ಆ ವಿದ್ಯೆ ನೋಡಿದ್ದು ಮಂಡ್ಯದ ಒಬ್ಬ ಗಿರಾಕಿಯ ದೆಸೆಯಿಂದ. ಆ ಮಹಾನುಭಾವ ಸಿಂಧೂರಳನ್ನು ಲೈಟುಕಂಬಕ್ಕೆ ಕಟ್ಟಿಸುತ್ತೇನೆ ಎಂದಿದ್ದ. ಅವಳು ತಕ್ಕ ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಹೇಗೋ ಗುಂಡಿ ಒತ್ತಿ ಕರೆ ದಾಟಿಸಿದಳು. ಗಾಜಿನಾಚೆ ರತ್ನಪ್ರಭಾ ಚೀಲದಿಂದ ಒಂದು ಬಿಳಿ ಕರವಸ್ತ್ರ ತೆಗೆದು, ನಾಲ್ಕು ಮಡಿಕೆ ಮಾಡಿ, ಎಡಗೈಯ ಮುಷ್ಟಿಯಲ್ಲಿ ಹಿಡಿದು ಮೇಜಿನಡಿಗೆ ಇಳಿಸಿದರು. ಆಮೇಲೆ ಫೋನು ತೆಗೆದುಕೊಂಡರು. ಬೆನ್ನು ನೆಟ್ಟಗೆ, ಕಣ್ಣು ಅರ್ಧ ಮುಚ್ಚಿತ್ತು. ತುಟಿ ಅಲುಗಿತೋ ಇಲ್ಲವೋ ಎಂಬಷ್ಟು. ಆ ಮನುಷ್ಯನ ಅಬ್ಬರ ಗಾಜು ದಾಟಿ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಇವಳಿಗೂ ಕೇಳುತ್ತಿತ್ತು. ಮೆಲ್ಲಗೆ ಅದು ಇಳಿಯಿತು. ನಾಲ್ಕು ನಿಮಿಷ ಕಳೆದ ಮೇಲೆ ರತ್ನಪ್ರಭಾ ನಕ್ಕರು. ಆರು ನಿಮಿಷಕ್ಕೆ ಆ ಗಿರಾಕಿ, ಅಲ್ಲಿ ಬಿಸಿಲು ಜಾಸ್ತಿಯಂತೆ, ಮಜ್ಜಿಗೆ ಕುಡೀತಾ ಇರಿ ತಾಯಿ ಎಂದು ಉಪಚಾರ ಹೇಳಿ ಫೋನಿಟ್ಟನಂತೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬುದನ್ನು ಸಿಂಧೂರ ಶಾಲೆಯಲ್ಲಿ ಹತ್ತು ಸಲ ಬರೆದಿದ್ದಳು, ಕಣ್ಣಾರೆ ಕಂಡದ್ದು ಅವತ್ತು. ಅವಳು ಎಷ್ಟು ಬೆರಗಾದಳೆಂದರೆ ಮುಂದಿನ ಕರೆಯ ಗಂಟೆ ಎರಡು ಸಲ ಹೊಡೆದದ್ದೂ ಕಿವಿಗೆ ಬೀಳಲಿಲ್ಲ.

ಸಂಜೆ ಮೆಟ್ಟಿಲು ಹತ್ತಿದವಳೇ, "ನಮ್ಮ ಆಫೀಸಲ್ಲಿ ಆ ಗುರು ಇದಾನೆ ಕಣೇ. ಸೀರೆ ಉಟ್ಕೊಂಡು," ಎಂದು ಜೀವಿತಾಳಿಗೆ ಹೇಳಿದಳು. ಅವತ್ತಿನಿಂದ ಅವಳಿಗೆ ಆ ಬೀಸಣಿಗೆ ಮತ್ತು ಆ ಕರವಸ್ತ್ರ ಬೇರೆ ಬೇರೆ ಎಂದೇ ತೋರಲಿಲ್ಲ.

ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡದ್ದು ಅದರ ಮರುವಾರ. ತುಮಕೂರಿನಿಂದ ಶಾರದಾ ಎಂಬ ಮೇಷ್ಟ್ರಮ್ಮ ಫೋನು ಮಾಡಿ, ಮೂರು ಸಲ ರಿಪೇರಿಯಾದ ಇನ್ವರ್ಟರಿನ ಚರಿತ್ರೆಯನ್ನು ಏರುದನಿಯಲ್ಲಿ ಶುರುಮಾಡಿದರು. ಸಿಂಧೂರ ಬೆನ್ನು ನೆಟ್ಟಗೆ ಮಾಡಿದಳು. ಕಣ್ಣು ಅರ್ಧ ಮುಚ್ಚಿದಳು. ಗುರುವಿನ ಹಾಗೆ ಮೌನ ತಾಳಿದಳು. ಮೌನದ ಮುಂದೆ ಕತ್ತಿ ತಾನಾಗಿ ಇಳಿಯಬೇಕಲ್ಲ? ಮೇಷ್ಟ್ರಮ್ಮ ಮಾತು ನಿಲ್ಲಿಸಿ ಹಲೋ ಎಂದರು. ಇವಳು ಇನ್ನೂ ಆಳವಾದ ಮೌನಕ್ಕಿಳಿದಳು. ಇನ್ನೆರಡು ಹಲೋ ಆದ ಮೇಲೆ ಅವರಿಗೆ ತಾನು ಗೋಡೆಯ ಜೊತೆ ಮಾತಾಡುತ್ತಿದ್ದೇನೆ ಎನ್ನಿಸಿತು. ಫೋನು ಬದಿಗಿಟ್ಟು ಹರಟೆ ಹೊಡೆಯುತ್ತೀರಾ ಎಂದು ಬೈದು, ಕಂಪನಿಗೆ ಎರಡು ಪುಟದ ದೂರು ಬರೆದು ಕಳಿಸಿದರು.

ಭಾಟಿಯಾ ಅವಳನ್ನು ಕರೆದು ಪರದೆ ತೋರಿಸಿದರು. ಮೂರು ಹಲೋಗಳ ಸಣ್ಣ ದಿಬ್ಬ ಬಿಟ್ಟರೆ ಇಪ್ಪತ್ತೆರಡು ಸೆಕೆಂಡು ಗೆರೆ ಹಾವಿನಂತೆ ಚಪ್ಪಟೆ ಮಲಗಿತ್ತು. ಇದೇನು ಎಂದು ಕೇಳಿದರು. ಶಾಂತಿ ಸಾರ್ ಎಂದಳು. ಈ ಕಟ್ಟಡದಲ್ಲಿ ಇದಕ್ಕೆ ಡೆಡ್ ಏರ್ ಎನ್ನುತ್ತಾರೆ ಎಂದು ಅವರು ಮೂರನೆಯ ಪತ್ರಕ್ಕೆ ಸಹಿ ಹಾಕಿದರು. ಇನ್ನೊಂದೇ ಒಂದು ಕೆಟ್ಟ ಕರೆ ಸಿಕ್ಕರೂ ಮರುದಿನದಿಂದ ಬರಬೇಡಿ ಎಂದು ಹೇಳುವಾಗ ಅವರ ದನಿಯಲ್ಲಿ ದ್ವೇಷವೇನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಊಟದ ಹೊತ್ತಿಗೆ ಅವಳು ರತ್ನಪ್ರಭಾ ಅವರ ಎದುರು ಕೂತು, ಬೀಸಣಿಗೆಯ ಗುರುವಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟಳು. ಹೇಳುತ್ತ ಹೇಳುತ್ತ ಅತ್ತಳು ಕೂಡ. ಅವರು ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಡಬ್ಬಿಯಿಂದ ಅರ್ಧ ಚಪಾತಿ ಅವಳ ತಟ್ಟೆಗೆ ಹಾಕಿದರು.

"ನಾನು ಸುಮ್ಮನಿರ್ತೀನಿ ಅಂತ ಯಾರಮ್ಮ ಹೇಳಿದ್ದು ನಿನಗೆ? ಚಿಕ್ಕವಳಾಗಿದ್ದಾಗ ನಿಮ್ಮಜ್ಜಿ ಕಥೆ ಹೇಳಿದಾರಾ?"

"ಹೇಳಿದಾರೆ ಆಂಟಿ."

"ನೀನು ಹೂಂಗುಟ್ಟದೇ ಇದ್ರೆ?"

ಕಥೆ ನಿಲ್ಲಿಸಿಬಿಡುತ್ತಿದ್ದರು ಎಂದಳು ಸಿಂಧೂರ. ಹೂಂ ಎನ್ನುವವರಿಲ್ಲದ ಕಥೆ ಗೋಡೆಗೆ ಹೇಳಿದ ಹಾಗೆ ಎಂದು ಅಜ್ಜಿ ಮಗ್ಗುಲು ಬದಲಿಸಿ ಮಲಗಿಬಿಡುತ್ತಿದ್ದರು.

"ಅಷ್ಟೇ ನೋಡು. ಹಾಸನದಿಂದ ಬೊಂಬಾಯಿಗೆ ಲೈನ್ ಕಾಯ್ತಾ ಕೂತೋರಿಗೆ ನಾವು ಎರಡೆರಡು ನಿಮಿಷಕ್ಕೆ ಇದೀನಿ ಅಂತ ಹೇಳ್ತಾ ಇರ್ಬೇಕಿತ್ತು. ಇಲ್ದಿದ್ರೆ ಕೈಬಿಟ್ರು ಅಂತ ಎದೆ ಒಡ್ಕೊಳೋರು. ಇವರೂ ಅಷ್ಟೇ. ಬೈಗುಳ ಹೊರಗಡೆ, ಕಥೆ ಒಳಗಡೆ. ಅದು ಬರೋವರೆಗೂ ಹೂಂ ಅಂತಿರು. ಸರಿ ಅನ್ಬೇಡ, ತಪ್ಪು ಅನ್ಬೇಡ."

ಇಷ್ಟೇನಾ ಎಂದು ಸಿಂಧೂರಳಿಗೆ ತುಸು ನಿರಾಸೆಯೇ ಆಯಿತು. ಕರವಸ್ತ್ರದ ಗುಟ್ಟೇನು ಎಂದು ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಊಟದ ಗಂಟೆ ಮುಗಿಯಿತು.

ಹತ್ತು ದಿನ ಅವಳು ಹೂಂಗುಟ್ಟುವುದನ್ನು ರೂಢಿಸಿಕೊಂಡಳು. ಸುಲಭದ ಕರೆಗಳಲ್ಲಿ ಅದು ಬಂದೂ ಬಂತು. ಕೈಮೀರಿದವನ್ನು ಮಾತ್ರ ಗಾಜಿನಾಚೆಗೆ ತಳ್ಳಿ ಬದುಕಿಕೊಂಡಳು. ಹೀಗಿರುವಾಗ ಒಂದು ಮಂಗಳವಾರ ರತ್ನಪ್ರಭಾ ಅವರ ಗಂಟಲು ಕಟ್ಟಿತು. ಐದು ದಿನ ಒಂದು ಮಾತೂ ಆಡಕೂಡದು ಎಂದರು ಡಾಕ್ಟರು. ಆದರೂ ಮನೆಯಲ್ಲಿ ಕೂರದೆ ಬಂದು, ಸಿಂಧೂರಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತರಬೇತಿಯವರ ಹೆಡ್‌ಫೋನು ಸಿಕ್ಕಿಸಿ, ಕೇಳುತ್ತ ದೂರುಪಟ್ಟಿ ತುಂಬುತ್ತಿದ್ದರು. ಅಂದರೆ ಅಷ್ಟು ದಿನ ಮೇಲಿನವರು ಎಂಬುವರು ಯಾರೂ ಇರಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಆರು ಒತ್ತಿದವನು ಅರಸೀಕೆರೆಯ ಗುಂಡಣ್ಣ. ದಿನಸಿ ಅಂಗಡಿಯವನು. ಹೆಸರು ಹೇಳುವಾಗಲೇ ಕಿರುಚುತ್ತಿದ್ದ. ಪೆಟ್ಟಿಗೆ ಬೆಳಗಿನಿಂದ ಕುಂಯ್‌ಗುಟ್ಟುತ್ತಿದೆ, ನಾಲ್ಕು ದಿನದಿಂದ ಮೆಕ್ಯಾನಿಕ್ ಬಂದಿಲ್ಲ, ನೀವು ಡೆಲ್ಲಿಯಲ್ಲಿ ತಣ್ಣಗೆ ಕೂತು ಜನರ ಬಾಯಿಗೆ ಮಣ್ಣು ಹಾಕುತ್ತೀರಿ ಎಂದ. ಅಲ್ಲಿಂದ ಮುಂದೆ ಅವಳ ಹೆತ್ತವರ ಕಡೆಗೂ ಹೊರಳಿದ. "ನಿನ್ನ ಹತ್ರ ಎಂಥ ಮಾತು? ನಿಮ್ಮ ಮೇಲಿನವರಿಗೆ ಕೊಡು."

ಸಿಂಧೂರ ಪಕ್ಕಕ್ಕೆ ನೋಡಿದಳು. ರತ್ನಪ್ರಭಾ ಗಂಟಲು ಮುಟ್ಟಿಕೊಂಡು ತಲೆಯಾಡಿಸಿದರು. ಚೀಲಕ್ಕೆ ಕೈ ಹಾಕಿ ಕರವಸ್ತ್ರ ತೆಗೆದರು, ನಾಲ್ಕು ಮಡಿಕೆ ಮಾಡಿದರು.

ಸಿಂಧೂರಳ ಕಿವಿ ಬಿಸಿಯಾಗಿತ್ತು. ಅಪ್ಪನ ಹೆಸರೆತ್ತಿದವನಿಗೆ ಕೊಡಬೇಕಾದ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಅಚ್ಚುಕಟ್ಟಾಗಿ, ದಾವಣಗೆರೆಯ ಖಾರದೊಂದಿಗೆ. ಅದನ್ನು ಅವಳು ನುಂಗಿದಳು.

"ಹೂಂ. ಹೇಳಿ ಸಾರ್."

ಅವನು ಹೇಳಿದ. ಬೈದ, ಉಸಿರು ತೆಗೆದುಕೊಂಡ, ಮತ್ತೆ ಬೈದ. ಅವಳು ಹೂಂ ಎಂದಳು. ಅಂಗಡಿಯ ವ್ಯಾಪಾರ ಕೆಟ್ಟದ್ದು ಬಂತು, ಹೂಂ ಎಂದಳು. ತಮ್ಮ ಬೆಂಗಳೂರಿನಿಂದ ತಿರುಗಿ ನೋಡದಿದ್ದದ್ದು ಬಂತು. ಇವಳು ಮೂರು ತಿಂಗಳ ಹಿಂದಾಗಿದ್ದರೆ, ಇನ್ವರ್ಟರಿಗೂ ನಿಮ್ಮ ತಮ್ಮನಿಗೂ ಏನು ಸಂಬಂಧ ಎಂದು ಕೇಳಿರುತ್ತಿದ್ದಳು. ಈಗ ಕೇಳಲಿಲ್ಲ. ಏಳೆಂಟು ನಿಮಿಷಕ್ಕೆ ಅವನ ದನಿ ಮನುಷ್ಯರ ದನಿಯ ಎತ್ತರಕ್ಕೆ ಇಳಿಯಿತು.

"ನಮ್ಮವ್ವ ಹಾಸಿಗೆ ಹಿಡಿದು ಮೂರು ತಿಂಗಳಾಯ್ತಮ್ಮ. ಫ್ಯಾನ್ ಇಲ್ದಿದ್ರೆ ಒದ್ದಾಡ್ತಾರೆ. ಅವರಿಗೋಸ್ಕರಾನೇ ತಂದಿದ್ದು ಇದನ್ನ. ಅವರ ಮಂಚದ ಪಕ್ಕದಲ್ಲೇ ಇಟ್ಟಿದೀನಿ."

"ಹೂಂ."

"ನಿನ್ನೆಯಿಂದ ಆ ರೂಮಲ್ಲಿ ವಾಸನೆ ಬೇರೆ. ಇಲಿ ಸತ್ತಿದೆಯೇನೋ ಅಂತ ಹುಡುಕಿದೆ, ಸಿಗ್ಲಿಲ್ಲ."

"ಹೂಂ?"

"ಕೊಳೆತ ಮೊಟ್ಟೆ ಥರ ವಾಸನೆ. ನಮ್ಮನೇಲಿ ಮೊಟ್ಟೇನೇ ತರಲ್ಲ. ಅದಕ್ಕೇ ಒಂದು ಹಿಡಿ ಊದುಬತ್ತಿ ಹಚ್ಚಿಟ್ಟು, ಬಿಸಿಗಾಳಿ ಬರದೇ ಇರ್ಲಿ ಅಂತ ಕಿಟಕಿ ಬಾಗಿಲು ಹಾಕಿದೀನಿ."

ಪಕ್ಕದಲ್ಲಿ ರತ್ನಪ್ರಭಾ ಅವರ ಪೆನ್ನು ನಿಂತಿತು. ಸಿಂಧೂರಳಿಗೂ ನೆನಪಾಯಿತು. ತರಬೇತಿಯ ಮೊದಲ ದಿನ ಹೇಳಿಕೊಟ್ಟದ್ದು ಅದು: ಬ್ಯಾಟರಿ ಅತಿಯಾಗಿ ಕಾದು ಕುದಿಯುವಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಆಗ ಹೊರಡುವ ಅನಿಲ ಮುಚ್ಚಿದ ಕೋಣೆಯಲ್ಲಿ ತುಂಬಿದರೆ ಒಂದು ಕಿಡಿ ಸಾಕು. ಮಂಚದ ಪಕ್ಕದಲ್ಲಿ ಸಿಡಿಯಲು ಕಾದಿರುವ ಬ್ಯಾಟರಿ, ಅದರ ಬಳಿ ಒಂದು ಹಿಡಿ ಕೆಂಡ. ನಡುವೆ ಏಳಲಾಗದ ಒಬ್ಬ ಮುದುಕಿ. ಸಿಂಧೂರಳಿಗೆ ಕಿರುಚಬೇಕೆನ್ನಿಸಿತು. ಕಿರುಚಿದರೆ ಅವನೂ ಕಿರುಚುತ್ತಾನೆ, ಓಡಿಹೋಗಿ ಅವಸರದಲ್ಲಿ ಯಾವುದೋ ಸ್ವಿಚ್ಚು ಒತ್ತುತ್ತಾನೆ ಎಂಬುದೂ ಹೊಳೆಯಿತು.

"ಗುಂಡಣ್ಣನೋರೇ," ಎಂದಳು, ಹೂಂ ಎಂದಷ್ಟೇ ಮೆತ್ತಗೆ. "ಮೊದಲು ಅವ್ವನ್ನ ಎತ್ಕೊಂಡು ಅಂಗಳಕ್ಕೆ ಬನ್ನಿ. ಬಾಗಿಲು ತೆಗೆದೇ ಇರ್ಲಿ. ಒಳಗೆ ಯಾವ ಸ್ವಿಚ್ಚೂ ಮುಟ್ಟಬೇಡಿ. ಫೋನ್ ಜೇಬಲ್ಲೇ ಇರ್ಲಿ, ನಾನು ಇಲ್ಲೇ ಇರ್ತೀನಿ."

ಅವನು ಯಾಕೆ ಎಂದು ಕೇಳಲಿಲ್ಲ. ಎಂಟು ನಿಮಿಷ ತನ್ನ ಸಂಕಟವನ್ನೆಲ್ಲ ಕೇಳಿಸಿಕೊಂಡವಳ ಮಾತು ಅದು, ಎದ್ದು ನಡೆದ. ಸಿಂಧೂರಳಿಗೆ ಅವನ ಜೇಬಿನಿಂದ ಎಲ್ಲವೂ ಕೇಳುತ್ತಿತ್ತು. ಚಪ್ಪಲಿಯ ಸದ್ದು, ಬಾಗಿಲು, ಪೆಟ್ಟಿಗೆಯ ಕುಂಯ್, ಮಂಚ ಕಿರುಗುಟ್ಟಿದ್ದು, ಎಲ್ಲಿಗೋ ಮಗನೇ ಎಂಬ ಬಡಕಲು ದನಿ. ಆಮೇಲೆ ಕಾಗೆಯ ಕೂಗು. ಅಂಗಳ ತಲುಪಿದ್ದ, ಫೋನು ಮತ್ತೆ ಕಿವಿಗಿಟ್ಟ. ಜಗಲಿಯಲ್ಲಿ ಮೀಟರಿನ ಹತ್ತಿರ ಇರುವ ಮೇನ್ ಇಳಿಸಿ ಎಂದಳು, ಇಳಿಸಿದ. ಊದುಬತ್ತಿ ಆರಿಸಿ ಬಂದುಬಿಡುತ್ತೇನೆ ಎಂದು ಅವನು ಹೊರಟ.

"ಬೇಡ. ಅವ್ವನ ಕೈ ಹಿಡ್ಕೊಂಡು ಅಲ್ಲೇ ನಿಲ್ಲಿ."

ಅವನು ನಿಂತ. ಒಳಗಿನಿಂದ ಢಬ್ ಎಂಬ ಒಂದು ಸದ್ದು ಬಂತು, ಅದರ ಹಿಂದೆಯೇ ಗಾಜು ಉದುರಿದ್ದು.

ಅದಾದ ಮೇಲೆ ಅರಸೀಕೆರೆಯಲ್ಲೂ ಫರೀದಾಬಾದಿನಲ್ಲೂ ಯಾರೂ ಮಾತಾಡಲಿಲ್ಲ. ಕಾಗೆಯೂ ಸುಮ್ಮನಾಗಿತ್ತು. ಊದುಬತ್ತಿಯ ಕೆಂಡವೋ, ಬ್ಯಾಟರಿಯ ಒಳಗಿನದೇ ಕಿಡಿಯೋ, ಯಾರಿಗೂ ಗೊತ್ತಾಗಲಿಲ್ಲ. ತುಂಬ ಹೊತ್ತಿನ ಮೇಲೆ ಸಿಂಧೂರ ಒಮ್ಮೆ ಹೂಂ ಎಂದಳು.

"ಅವ್ವ ಇಲ್ಲೇ ಇದಾರೆ," ಎಂದ ಗುಂಡಣ್ಣ. ಅವನು ಅಳುತ್ತಿದ್ದ. "ನೀವೇನಾ ತಾಯಿ, ಮೇಲಿನವರು?"

"ಅಲ್ಲ. ಅವರು ನನ್ನ ಪಕ್ಕದಲ್ಲಿ ಕೂತಿದಾರೆ."

ಯಾರೂ ಒಳಗೆ ಹೋಗಬಾರದೆಂದು ಹೇಳಿ, ಹಾಸನದ ಶಾಖೆಗೆ ಫೋನು ಮಾಡಿ ಜನ ಕಳಿಸಿ, ಅವಳು ಹೆಡ್‌ಫೋನು ತೆಗೆದಳು. ಈಗ ಅವಳ ಕೈ ಗಡಗಡ ನಡುಗತೊಡಗಿತು. ಭಾಟಿಯಾ ಕೋಣೆಯಿಂದ ಎದ್ದು ಬಂದಿದ್ದರು. ಅವರ ಪರದೆಯಲ್ಲಿ ಬೆಟ್ಟಗಳು ಎದ್ದು, ಸಣ್ಣ ಸಣ್ಣ ದಿಬ್ಬಗಳಾಗಿ, ಕೊನೆಗೆ ಹತ್ತೊಂಬತ್ತು ಸೆಕೆಂಡು ಗೆರೆ ಸತ್ತುಬಿದ್ದಿತ್ತು. ಮತ್ತದೇ ಡೆಡ್ ಏರ್ ಎಂದು ಹೇಳಲು ಎದ್ದವರು, ಆ ಗೆರೆಗೆ ಮುಂಚಿನ ಢಬ್ ಸದ್ದನ್ನು ಕೇಳಿ ಗಾಬರಿಯಾಗಿ ಬಂದಿದ್ದರು. ಏನಾಯಿತು ಎಂದು ಸಿಂಧೂರ ಹಿಂದಿಯಲ್ಲಿ ಹೇಳಿದಳು. ಅವರು ಒಂದು ಲೋಟ ನೀರು ತಂದು ಅವಳ ಮುಂದಿಟ್ಟು ಹೋದರು. ನಾಲ್ಕನೆಯ ಪತ್ರ ಬರಲಿಲ್ಲ.

ಅವಳು ಲೋಟಕ್ಕೆ ಕೈ ಚಾಚಿದಾಗ ರತ್ನಪ್ರಭಾ ಆ ಕೈಯನ್ನು ಹಿಡಿದುಕೊಂಡರು. ಎಡಗೈಯಿಂದ. ನಡುವೆ ಆ ಕರವಸ್ತ್ರವಿತ್ತು. ಸಿಂಧೂರ ಬೆಚ್ಚಿ ನೋಡಿದಳು. ಕರವಸ್ತ್ರ ಬೆವರಿನಿಂದ ಒದ್ದೆಯಾಗಿತ್ತು, ಹಿಂಡಿದರೆ ನೀರು ಇಳಿಯುವಷ್ಟು. ಅವರ ಅಂಗೈ ಹಿಮದಷ್ಟು ತಣ್ಣಗಿತ್ತು, ಇವಳದಕ್ಕಿಂತ ಹೆಚ್ಚು ನಡುಗುತ್ತಿತ್ತು. ಮುಖ ನೋಡಿದರೆ ಅದೇ ಮುಖ, ಅರ್ಧ ಮುಚ್ಚಿದ ಅದೇ ಕಣ್ಣು.

ಅವರು ಬಲಗೈಯಿಂದ ದೂರುಪಟ್ಟಿಯ ಅಂಚಿನಲ್ಲಿ ಬರೆದರು: ಇವತ್ತಷ್ಟೇ ಅಲ್ಲ ಮಗು. ಪ್ರತಿ ಕರೆಗೂ. ಹಾಸನದ ಕಾಲದಿಂದಲೂ.

ಸಿಂಧೂರ ಆ ಸಾಲನ್ನು ಓದಿದಳು. ಮಂಡ್ಯದವನ ಕರೆ ನೆನಪಾಯಿತು, ಅವತ್ತು ಗಾಜಿನಾಚೆ ಕಂಡ ನೆಟ್ಟಗಿನ ಬೆನ್ನು, ಮೇಜಿನಡಿಯ ಮುಷ್ಟಿ. ಇಷ್ಟು ವರ್ಷ, ದಿನಕ್ಕೆ ಎಷ್ಟೋ ಕರೆ, ಪ್ರತಿಯೊಂದಕ್ಕೂ ಹೀಗೆ ನಡುಗಿ, ಆ ನಡುಕವನ್ನೆಲ್ಲ ಒಂದು ಗೇಣು ಬಟ್ಟೆಯೊಳಗೆ ಮಡಿಸಿಟ್ಟು, ದನಿಯಲ್ಲಿ ಒಂದು ಹನಿಯೂ ತುಳುಕದಂತೆ ನೋಡಿಕೊಂಡಿದ್ದಾರೆ. ಭಯವೇ ಇಲ್ಲದವರು ಶಾಂತವಾಗಿರುವುದು ಯಾವ ಮಹಾ? ಅವಳಿಗೆ ಆ ಹೆಂಗಸಿನ ಕಾಲು ಮುಟ್ಟಬೇಕೆನ್ನಿಸಿತು. ಆಫೀಸಿನ ನಡುವೆ ನಾಚಿಕೆಯಾಗಿ, ಕೈಯನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಭಾನುವಾರ ಜೀವಿತಾ ಹನ್ನೆರಡನೆಯ ಕಂತು ಹಾಕಿದಳು. ಗುರುವಿನ ಎದುರು ಈ ಸಲ ನಲವತ್ತು ಜನ ಕತ್ತಿ ಹಿಡಿದು ನಿಂತಿದ್ದರು. ಅವನು ಚಹಾದ ಬಟ್ಟಲು ಕೆಳಗಿಟ್ಟು, ಮಡಿಸಿದ ಬೀಸಣಿಗೆಯನ್ನು ಎಡಗೈಗೆ ತೆಗೆದುಕೊಂಡ.

"ಅವನ ಅಂಗೈ ಬೆವತಿದೆ ಕಣೇ," ಎಂದಳು ಸಿಂಧೂರ.

ಹಾಗೆಂದು ಅವರು ಎಲ್ಲಿ ಹೇಳಿದರು, ತನಗಂತೂ ಕೇಳಲಿಲ್ಲ ಎಂದು ಜೀವಿತಾ ತಿರುಗಿ ನೋಡಿದಳು. ಬೀಸಣಿಗೆ ಯಾವಾಗ ಬಿಚ್ಚುತ್ತಾನೆ ಎಂದು ಸಿಂಧೂರ ಕೇಳಲಿಲ್ಲ. ಜೀವಿತಾ ಕಥೆ ಮುಂದುವರಿಸಿದಳು.

"ಹೂಂ," ಎಂದಳು ಸಿಂಧೂರ.